ರದೋಯ್ಕಾ ನಿಂತು ಓದುತ್ತಾಳೆ

ನಮ್ಮ ನೀಶ್ ಊರಿನಲ್ಲಿ ಸತ್ತವರನ್ನು
ಮರಕ್ಕೆ ಅಂಟಿಸುತ್ತೇವೆ:
ಕಪ್ಪು ಅಂಚಿನ ಚೀಟಿ, ಮೇಲೊಂದು ಫೋಟೋ,
ಕೆಳಗೆ ಉಳಿದವರ ಹೆಸರು ಸಾಲಾಗಿ.
ಲಿಂಡನ್ ಮರ, ಬಸ್ ನಿಲ್ದಾಣ, ಬೇಕರಿಯ ಗೋಡೆ,
ಎಲ್ಲೆಲ್ಲೂ ನಿಂತು ಓದುತ್ತಾಳೆ ರದೋಯ್ಕಾ.
ಎಷ್ಟು ಮರುಕ ಅವಳಿಗೆ, ಎನ್ನುತ್ತದೆ ಬೀದಿ.
ನಾಲ್ಕನೇ ಮಹಡಿಯ ಎದುರುಬಾಗಿಲು ನನ್ನದು, ನನಗೆ ಗೊತ್ತು,
ಅವಳು ಓದುತ್ತಿಲ್ಲ.
ಉಸಿರು ಹಿಂದೆ ಬಿದ್ದಿದೆ; ಬಂದು ಸೇರಲಿ ಎಂದು
ಕಾಯುತ್ತಿದ್ದಾಳೆ.

ನನ್ನ ಕೆಲಸ ಕಫ ನೋಡುವುದು.
ಮದುವೆಮನೆಯಲ್ಲಿ ಹೇಳಿದರೆ ಪಕ್ಕದ ಕುರ್ಚಿ ಖಾಲಿ.
ಆಸ್ಪತ್ರೆಯ ನೆಲಮಾಳಿಗೆ, ಒಂದು ಕಿಟಕಿ, ಒಂದು ಮೈಕ್ರೋಸ್ಕೋಪು,
ಗಾಜಿನ ಮೇಲೆ ಬಳಿದು ನೇರಳೆ ಬಣ್ಣ ಕುಡಿಸಿದ ಹನಿ.
ಮಂಗಳವಾರದ ಗಾಜಿಗೆ ಹೆಸರಿಲ್ಲ, ಬರೀ ೨೧೭.
ಆದರೆ ಆ ಡಬ್ಬಿಯನ್ನು ಬೆಳಿಗ್ಗೆ ಮೆಟ್ಟಿಲ ಮೇಲೆ
ನನ್ನ ಕೈಗೇ ಕೊಟ್ಟಿದ್ದಳು,
ಕರವಸ್ತ್ರ ಸುತ್ತಿ, ಪ್ಲಮ್ ಜಾಮಿನ ಶೀಶೆ ಕೊಟ್ಟಂತೆ.

ಮ್ಯಾಕ್ರೋಫೇಜ್, ಮನೆ ಗುಡಿಸುವ ಕಣ,
ಹೊಟ್ಟೆ ತುಂಬ ಕಂದು ಮಸಿ ಹೊತ್ತು ಕೂತಿದೆ ಇನ್ನೂ.
ಪ್ಯಾಕಿಂಗ್ ಸಾಲಿನಲ್ಲಿ ಮೂವತ್ತೊಂದು ವರ್ಷ,
ಸಂಬಳದ ಜೊತೆ ಬಿಟ್ಟಿ ಸಿಗರೇಟು;
ಕಾರ್ಖಾನೆ ಅವಳನ್ನು ಬಿಟ್ಟಿತು, ಆಮೇಲೆ ಅವಳು ಅದನ್ನು.
ಬಿಟ್ಟು ಮೂರು ವರ್ಷ.
ಸುತ್ತಲೂ ನ್ಯೂಟ್ರೋಫಿಲ್‌ಗಳು, ಸಂತೆಗಿಂತ ದಟ್ಟ.
ಬೆಂಕಿ ಆರಿಸಲೆಂದೇ ಬಂದವರು.
ಆರಿತು ಎಂದು ಯಾರೂ ಹೇಳಲಿಲ್ಲ ಅವರಿಗೆ,
ಕೊಡಲಿ ಹಿಡಿದು ಒಡೆಯುತ್ತಲೇ ಇದ್ದಾರೆ
ಬಾಗಿಲು, ಬಾಗಿಲಾಚೆಯ ಗೋಡೆ, ಗೋಡೆಯಾಚೆಯ ಗೋಡೆ,
ನೂರು ಪುಟ್ಟ ಕೋಣೆಗಳಿದ್ದ ಕಡೆ
ಈಗ ಒಂದೇ ಒಂದು ಖಾಲಿ ಹಜಾರ.
ಗಾಳಿ ಒಳಗೆ ಬರುತ್ತದೆ,
ಹೊರಡುವ ದಾರಿ ಮರೆಯುತ್ತದೆ.

"ಬಿಟ್ಟೆನಲ್ಲಾ ಮಗಳೇ, ಮತ್ತೇಕೆ ಈ ಉರಿ?"
ನನ್ನ ಬಳಿ ಶೇಕಡಾವಾರು ಇತ್ತು,
ಉತ್ತರ ಇರಲಿಲ್ಲ.

ಅವಳ ರಕ್ತದ ಗಾಜು ಬೇರೆ.
ಅದರಲ್ಲಿ ಹುಡುಕಬೇಕಾದ್ದು ಇಯೋಸಿನೋಫಿಲ್,
ಒಳಗೆಲ್ಲ ಕೆಂಪು ರವೆ ತುಂಬಿದಂಥ ಕಣ.
ಅವು ಹೆಚ್ಚಿದ್ದವರಿಗೆ ಒಂದು ಸೂಜಿಮದ್ದಿದೆ,
ಎರಡು ವಾರಕ್ಕೊಮ್ಮೆ, ತೊಡೆಗೆ;
ಇಲ್ಲದವರಿಗೆ ಅದು ನೀರು ಚುಚ್ಚಿದ ಹಾಗೆ.
ಯಾರೊಳಗಿನ ಉರಿ ಯಾವ ಬಣ್ಣದ್ದು,
ಮೊದಲು ಅದು ತಿಳಿಯಬೇಕು.
ಎಣಿಸಿದೆ. ಮತ್ತೆ ಎಣಿಸಿದೆ.
ಇಪ್ಪತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ
ಕೆಟ್ಟ ಲೆಕ್ಕ ಹೆಚ್ಚಿಗೆ ಬರಲಿ ಎಂದು ಬೇಡಿಕೊಂಡೆ.
ಬಂತು.

"ಹೊಸ ಪುಪ್ಪುಸ ಕೊಡುವುದಿಲ್ಲ ಅದು," ಎಂದಳು ಡಾಕ್ಟರ್ ವುಕಿತ್ಸಾ,
ಹಿಂದಿನ ಅಂಗಳದಲ್ಲಿ, ನನ್ನ ಲೈಟರ್‌ಗೆ ಕೈ ಚಾಚಿ.
"ಚಳಿಗಾಲದಲ್ಲಿ ಮೂರು ಸಲ ದಾಖಲಾಗುವವಳು
ಎರಡು ಸಲ ಆದಾಳು. ಅಷ್ಟೇ. ಅಷ್ಟೂ ಕಡಿಮೆಯಲ್ಲ.
ಕಡತ ಬೆಲ್‌ಗ್ರೇಡಿಗೆ ಹೋಗಿದೆ."
ಇಬ್ಬರೂ ಸೇದುತ್ತಿದ್ದೆವು. ಹೌದು, ಇಬ್ಬರೂ.
ಗೋಡೆಯ ಮೇಲಿನ ಫಲಕದಲ್ಲಿ ಏನು ಬರೆದಿದೆ
ಎಂದು ನಮಗೆ ಓದಲು ಬರುತ್ತದೆ.

ಈಗ ಸೆಪ್ಟೆಂಬರು. ಅಂಗಳಗಳಲ್ಲೆಲ್ಲ
ಕೆಂಪು ದೊಣ್ಣೆಮೆಣಸು ಸುಡುವ ಕಾಲ,
ಊರಿಗೆ ಊರೇ ಸಿಹಿ ಹೊಗೆ.
ಮೊದಲೆಲ್ಲ ತಗಡಿನ ಒಲೆಯ ಮುಂದೆ
ಸೆರಗಿಲ್ಲದ ಸೇನಾಪತಿಯಂತೆ ನಿಲ್ಲುತ್ತಿದ್ದವಳು
ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಟವೆಲ್ ತುರುಕಿ
ಒಳಗೇ ಕೂತು ಸಿಪ್ಪೆ ಸುಲಿಯುತ್ತಾಳೆ.
ಸುಟ್ಟದ್ದನ್ನು ಪಾತ್ರೆಯಲ್ಲಿ ಮುಚ್ಚಿ ನಾನು ಒಯ್ಯಬೇಕು.
ಬಾಗಿಲು ಬೆರಳಗಲ ತೆರೆದು
"ಬೆಲ್‌ಗ್ರೇಡಿನ ಕಾಗದ ಬಂತೇ?" ಎನ್ನುತ್ತಾಳೆ.
ನಡುವೆ ಎರಡು ಸಲ ನಿಂತು ಮುಗಿಸುವಷ್ಟು
ಉದ್ದದ ಪ್ರಶ್ನೆ.

ಇವತ್ತೂ ಒಯ್ಯುತ್ತಿದ್ದೆ.
ಲಿಫ್ಟ್ ಕೆಟ್ಟಿದೆ, ಎಂದಿನಂತೆ.
ಎರಡನೇ ಮಹಡಿಯಲ್ಲಿ ಹೊಸ ಚೀಟಿ:
ಸ್ವೆತೋಮಿರ್, ಎಂಬತ್ತೊಂದು, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಅಳಿಯ.
ನಿಧಾನವಾಗಿ ಪೂರ್ತಿ ಓದಿದೆ.
ಮೂರನೆಯದರಲ್ಲೂ ನಿಂತೆ,
ಬಿಸಿ ಪಾತ್ರೆಯನ್ನು ಎದೆಗೊತ್ತಿಕೊಂಡು, ಗೋಡೆಗೆ ಮುಖ ಮಾಡಿ.

ಅಲ್ಲಿ ಯಾವ ಚೀಟಿಯೂ ಇರಲಿಲ್ಲ.